ಮೂವತ್ತೊಂದನೆಯ ಪದ್ಯ

ನಮ್ಮೂರಿನಲ್ಲಿ ಅಕ್ಕಿರೊಟ್ಟಿ ಆಗುವುದಿಲ್ಲ. ಗೋಡೆ ಚಿತ್ರದ ಗುರುಬಸಪ್ಪನವರಿಗೆ ಊರು ಶಾಲು ಹೊದಿಸಿದ ಮರುದಿನದಿಂದ ಆಗುತ್ತಿಲ್ಲ. ಹಿಟ್ಟು ಕಲಸಬಹುದು, ತಟ್ಟಬಹುದು, ಹೆಂಚಿನಿಂದ ಎಬ್ಬಿಸುವ ಹೊತ್ತಿಗೆ ಪುಡಿಪುಡಿ. ನಾಗಸ್ವರದ ಮುನಿವೆಂಕಟಪ್ಪನವರ ಕಾಲಕ್ಕೆ ಹುಳಿಯನ್ನ ಹೋಯಿತು. ಮಣ್ಣಿನ ಬೊಂಬೆಯ ಸಾಕವ್ವನ ಜೊತೆ ಹುರಿಗಡಲೆ ಚಟ್ನಿ ಹೋಯಿತು. ಒಂದೊಂದು ಒಂದೊಂದು ರೀತಿ ಹೋಗುತ್ತದೆ. ಕೆಲವು ಒಡೆಯುತ್ತವೆ, ಕೆಲವು ಒಲೆಯ ಮೇಲೇ ಹಳಸುತ್ತವೆ, ಕೆಲವು ನೋಡಲು ಸರಿಯಾಗಿದ್ದು ಬಾಯಲ್ಲಿಟ್ಟರೆ ಒದ್ದೆ ಕಾಗದ. ಶಾಲು ಹೊದ್ದವರ ಜೀವಕ್ಕೆ ಯಾವುದು ಎಲ್ಲಕ್ಕಿಂತ ಹೆಚ್ಚು ಹಿಡಿಸಿತ್ತೋ ಅದು ಅವರ ಶಾಲಿನ ಜೊತೆಗೆ ಊರು ಬಿಡುತ್ತದೆ. ನನ್ನ ಅಜ್ಜನ ಕಾಲದಲ್ಲೂ ಹೀಗೇ ಇತ್ತಂತೆ.

ಹಾಗೆಂದು ಊರು ಸನ್ಮಾನ ಮಾಡುವುದನ್ನು ಬಿಟ್ಟಿಲ್ಲ. ಬಿಡುವುದಾದರೂ ಹೇಗೆ, ಇಲ್ಲಿ ಹುಟ್ಟುವವರೇ ಹಾಗೆ. ಬಾವಿಯಲ್ಲಿ ನೀರು ಸೇದುವವಳು ರಾಟೆಯ ಕಿರುಗುಟ್ಟುವಿಕೆಗೆ ರಾಗ ಕೂಡಿಸುತ್ತಾಳೆ. ಕ್ಷೌರದ ಅಂಗಡಿಯ ಗೋಡೆಯ ಮೇಲೆ ಗುರುಬಸಪ್ಪನವರು ಬರೆದ ಆನೆಯ ಮುಂದೆ ಕೂತವರು ಈಗಲೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಸಾಕವ್ವ ಮಾಡಿದ ಗಿಳಿಗೆ ಮೂರು ತಲೆಮಾರಿನ ಬೆಕ್ಕುಗಳು ಹೊಂಚು ಹಾಕಿ ಸೋತಿವೆ. ಹೊರಗಿನವರು ಬಸ್ಸು ಮಾಡಿಕೊಂಡು ಬಂದು ಇದನ್ನೆಲ್ಲ ಕಣ್ತುಂಬ ನೋಡಿ, ಆಮೇಲೆ ಊಟಕ್ಕೆ ಒಳ್ಳೆಯ ಜಾಗ ಯಾವುದು ಎಂದು ಕೇಳುತ್ತಾರೆ. ನಾವು ಮುಂದಿನ ಊರಿನ ದಾರಿ ತೋರಿಸುತ್ತೇವೆ. ಪುರಭವನದಲ್ಲಿ ಸನ್ಮಾನಿತರ ಪಟಗಳು ಸಾಲಾಗಿವೆ. ಕೆಳಗೆ ಹೆಸರು, ಕಲೆ, ಇಸವಿ. ತಿಂಡಿಯ ಹೆಸರು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಮಧ್ಯಾಹ್ನದ ಹೊತ್ತು ಕೆಲವು ಮುದುಕರು ಅಲ್ಲಿಗೆ ಹೋಗಿ ಪಟಗಳ ಕೆಳಗೆ ಸುಮ್ಮನೆ ಕೂತಿರುತ್ತಾರೆ. ಕಲೆಗಾಗಿ ಹೋಗುತ್ತಾರೋ ಹಸಿವೆಗಾಗಿ ಹೋಗುತ್ತಾರೋ ನಾನು ಕೇಳಿಲ್ಲ.

ಜನ ಹೇಗೋ ಹೊಂದಿಕೊಂಡಿದ್ದಾರೆ. ಮಗು ತೊಟ್ಟಿಲಲ್ಲಿ ಶ್ರುತಿ ಹಿಡಿದು ಅತ್ತರೆ ತಾಯಂದಿರು ಅದಕ್ಕೆ ಯಾವ ತಿಂಡಿಯನ್ನೂ ಎರಡು ದಿನ ಒಟ್ಟಿಗೆ ಕೊಡುವುದಿಲ್ಲ, ನಾಲಿಗೆ ಒಂದೇ ಕಡೆ ನಿಲ್ಲದಿರಲಿ ಎಂದು. ನಾಟಕದ ಪಾಪಣ್ಣ ಮೇಷ್ಟ್ರು ಊರಿಗೆ ಉಪಕಾರ ಮಾಡಹೊರಟು, ಸನ್ಮಾನಕ್ಕೆ ಆರು ತಿಂಗಳ ಮೊದಲಿನಿಂದ ಮೂರು ಹೊತ್ತೂ ಹಾಗಲಕಾಯಿ ತಿಂದರು. ಕೇಳಿದವರಿಗೆಲ್ಲ ಹಾಗಲಕಾಯಿಯ ಗುಣಗಾನ ಮಾಡಿದರು. ಶಾಲು ಹೊದ್ದ ಮರುದಿನ ಹೋಗಿದ್ದು ಒಬ್ಬಟ್ಟು. ಅವರ ಹೆಂಡತಿ ಒಂದು ವರ್ಷ ಅವರ ಜೊತೆ ಮಾತಾಡಲಿಲ್ಲ. ಹಾಗಲಕಾಯಿ ಮಾತ್ರ ಬಡಿಸುತ್ತಿದ್ದರು.

ನಾನು ಓಬಳಯ್ಯ. ದೇವಸ್ಥಾನದ ಮಂಟಪದ ಎದುರಿಗೆ ನಮ್ಮದು ಹಾಲುಬಾಯಿ ಅಂಗಡಿ. ಅಕ್ಕಿ, ಕಾಯಿ ನುಣ್ಣಗೆ ರುಬ್ಬಿ, ಹಾಲು ಸೋಸಿ, ಬೆಲ್ಲದ ಪಾಕಕ್ಕೆ ಸುರಿದು, ಕೈ ಬಿಡದೆ ತಿರುವಿ, ಬಾಣಲೆಯ ಅಂಚು ಬಿಟ್ಟುಕೊಂಡು ಬಂದಾಗ ತುಪ್ಪ ಸವರಿದ ತಟ್ಟೆಗೆ ಹರವಿ ಕತ್ತರಿಸುವುದು. ಒಂದೇ ತಿಂಡಿ. ನನ್ನಪ್ಪನಿಂದ ಬಂದ ಎರಡು ಕೆಲಸಗಳಲ್ಲಿ ಇದೊಂದು. ಇನ್ನೊಂದು ಹೂಂಗುಟ್ಟುವುದು.

ಮಂಟಪದಲ್ಲಿ ಕಾವ್ಯ ಓದುವಾಗ ಓದುವವರ ಬಲಗಡೆ ಒಬ್ಬ ಕೂತು, ಪದ್ಯ ಮುಗಿದಾಗೊಮ್ಮೆ 'ಹೂಂ' ಅನ್ನಬೇಕು. ಕೇಳಿದೆ, ಒಳಗೆ ಇಳಿಯಿತು, ಮುಂದಕ್ಕೆ ಹೋಗಬಹುದು ಎಂದು ಅದರ ಅರ್ಥ. ಹೂಂ ಬೀಳದ ಪದ್ಯ ದೇವರಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದ ನನ್ನಪ್ಪ. ನನಗೆ ಹಾಡಲು ಬರುವುದಿಲ್ಲ, ಓದಿದ್ದೂ ಅಷ್ಟಕ್ಕಷ್ಟೆ. ಆದರೆ ಕೇಳಿ ಕೇಳಿ ನಮ್ಮೂರ ಕಾವ್ಯದ ಅಷ್ಟೂ ಪದ್ಯಗಳು ನನ್ನೊಳಗೆ ಕೂತಿವೆ. ಗಡಿಯಾರ ನೋಡಿ ಅಡುಗೆ ಮಾಡಿದವನಲ್ಲ ನಾನು. ಬೆಲ್ಲ ಕರಗುವುದಕ್ಕೆ ಏಳು ಪದ್ಯ. ಹಾಲು ಗಟ್ಟಿಯಾಗುವುದಕ್ಕೆ ಇಪ್ಪತ್ತು. ನಲವತ್ತು ಮುಗಿದರೆ ಇಳಿಸಬೇಕು. ಬಾಯಲ್ಲೇ ಹೇಳಿಕೊಳ್ಳುತ್ತ ಅದೇ ಲಯದಲ್ಲಿ ಸಟ್ಟುಗ ತಿರುವುತ್ತೇನೆ.

ಹೇಳಿಕೊಳ್ಳುವುದು ಚೂಡಮ್ಮನವರ ಧಾಟಿಯಲ್ಲಿ. ಮಂಟಪದಲ್ಲಿ ಐವತ್ತು ವರ್ಷ ಕಾವ್ಯ ಓದಿದವರು ಅವರು. ಪೂರ್ತಿ ಹೆಸರು ಚೂಡಾಮಣಿ. ಹಿಂದಿನ ಓಣಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಅವರು ಬಾಯಿ ತೆರೆದರೆ ಮಂಟಪದ ಪಾರಿವಾಳಗಳು ಗೊಣಗುವುದನ್ನು ನಿಲ್ಲಿಸುತ್ತಿದ್ದವು, ಇದು ನಾನು ಕಣ್ಣಾರೆ ಕಂಡಿದ್ದು. ನಮ್ಮ ಕಾವ್ಯದಲ್ಲಿ ರಾಜ್ಯ ಕಳೆದುಕೊಂಡ ರಾಣಿಯೊಬ್ಬಳು ಗಂಡನನ್ನು ಹುಡುಕುತ್ತ ಊರೂರು ಅಲೆಯುವ ಭಾಗ ಬರುತ್ತದೆ. ಹಸಿವು ತಾಳಲಾರದೆ ಅವಳು ಮೊದಲ ಸಲ ಬೇಡುವುದು ಮೂವತ್ತೊಂದನೆಯ ಪದ್ಯದಲ್ಲಿ. 'ಕಂಡ ಬಾಗಿಲ ಮುಂದೆ ನಿಂದಳು, ಉಂಡು ಮಿಕ್ಕುದನೀಯಿರೆನ್ನುತ, ಮಂಡೆ ಬಾಗಿಸಿ ರಾಜವನಿತೆಯು ಸೆರಗನೊಡ್ಡಿದಳು.' ಚೂಡಮ್ಮನವರು 'ಮಿಕ್ಕುದ' ಎನ್ನುವಲ್ಲಿ ಸ್ವರವನ್ನು ಒಂದೆಳೆಯಷ್ಟು ತಗ್ಗಿಸುತ್ತಾರೆ, ಬಾಗಿಲ ಹೊರಗೆ ನಿಂತವರು ಒಳಗಿನವರಿಗೆ ಕೇಳಲಿ, ಪಕ್ಕದ ಮನೆಯವರಿಗೆ ಕೇಳದಿರಲಿ ಅನ್ನುವ ಹಾಗೆ. ಮೂವತ್ತೆರಡು ವರ್ಷ ಕೇಳಿದ್ದೇನೆ. ಆ ಪದ್ಯಕ್ಕೆ ನನ್ನ ಹೂಂ ಯಾವತ್ತೂ ತಡವಾಗಿಯೇ ಬಿದ್ದಿದೆ.

ಒಲೆಯ ಮುಂದೆಯೂ ಅಷ್ಟೇ. ಮೂವತ್ತೊಂದಕ್ಕೆ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು. ಅಷ್ಟು ಸಾಕು ಹಾಲುಬಾಯಿ ತಳ ಹಿಡಿಯಲಿಕ್ಕೆ. ಬೆಲ್ಲ ಕಂದಿ, ಬಾಣಲೆಗೆ ಅಂಗೈಯಗಲ ಕಪ್ಪು ಪದರ ಅಂಟಿಕೊಳ್ಳುತ್ತದೆ. ಬಾಣಲೆ ತಿಕ್ಕುವವಳು ನನ್ನ ಹೆಂಡತಿ ಕೆಂಚಮ್ಮ.

"ಮತ್ತೆ ನಿಲ್ಸಿದ್ರಾ ಕೈಯ?" ಅನ್ನುತ್ತಿದ್ದಳು. "ಆ ರಾಣಿ ಸೆರಗು ಒಡ್ಡಿದಾಗೆಲ್ಲ ನನ್ನ ಸೆರಗು ಮಸಿ ಆಗುತ್ತೆ. ಒಂದಿನ ಆ ಪದ್ಯ ಬಿಟ್ಟು ಮುಂದಕ್ಕೆ ಹೋಗ್ರಿ, ದೇವರೇನು ಲೆಕ್ಕ ಇಟ್ಟಿರಲ್ಲ."

ಬಿಡಲಿಕ್ಕೆ ಆಗುತ್ತಿರಲಿಲ್ಲ.

ನಾನು ಹೂಂಗುಟ್ಟಲು ಕೂತ ಮೊದಲ ವರ್ಷದ ಮಾತು. ಓದು ಮುಗಿಸಿ ಚೂಡಮ್ಮನವರು ಅಂಗಡಿಯ ಕಟ್ಟೆಗೆ ಬಂದು ಕೂತರು. ಓದು ಕೇಳಿ ಎದ್ದವರೆಲ್ಲ ಆಗಲೇ ಕೊಂಡುಹೋಗಿ ತಟ್ಟೆ ಬರಿದಾಗಿತ್ತು. ನನಗೆ ನಾಚಿಕೆ. "ಏನೂ ಇಲ್ಲ ಅಮ್ಮಾವ್ರೇ, ತಳ ಹತ್ತಿದ್ದು ಬಿಟ್ರೆ" ಅಂದೆ. "ಮಿಕ್ಕಿದ್ದೇ ಕೊಡೋ" ಅಂದರು. ಬಾಣಲೆ ಕೆರೆದು ಎಲೆಯ ಚೂರಿನಲ್ಲಿ ಕೊಟ್ಟೆ. ಕಟ್ಟೆಯ ಮೇಲೆ ಕೂತು, ಮಂಟಪದ ಕಡೆ ನೋಡುತ್ತ, ನಿಧಾನವಾಗಿ ತಿಂದರು. ಆಮೇಲೆ ಓದಿದ ಸಂಜೆಯೆಲ್ಲ ಬಂದರು. ನಾಲ್ಕೈದು ಸಲ ನಾನು ಒಳ್ಳೆಯ ತುಂಡು ತೆಗೆದು ಮುಚ್ಚಿಟ್ಟಿದ್ದುಂಟು. ಕಟ್ಟೆಯ ಹತ್ತಿರ ನಿಂತವರಲ್ಲಿ ಯಾರಿಗಾದರೂ ಕೊಡಿಸಿಬಿಡುತ್ತಿದ್ದರು. "ಅವಳು ಪಾಪ ದೂರದಿಂದ ಬಂದಿದಾಳೆ, ಅವಳಿಗೆ ಕೊಡು. ನನಗೆ ಇದೇ ಆಗುತ್ತೆ." ದೊಡ್ಡ ಮನಸ್ಸು ಎಂದು ನಾನು ಕೈ ಮುಗಿಯುತ್ತಿದ್ದೆ. ಮುಚ್ಚಿಡುವುದನ್ನು ಕ್ರಮೇಣ ಬಿಟ್ಟೆ.

ಹೀಗೆ ಚೂಡಮ್ಮನವರು ಹಾಲುಬಾಯಿ ಅಂಗಡಿಯ ಕಟ್ಟೆಯ ಮೇಲೆ ಎಲೆ ಹಿಡಿದು ಕೂತದ್ದನ್ನು ಊರೆಲ್ಲ ನೋಡಿತ್ತು. ಅದಕ್ಕೇ ಅವರಿಗೆ ಶಾಲು ಬರಲಿಲ್ಲ. ಹನ್ನೊಂದು ವರ್ಷ ಸಮಿತಿಯಲ್ಲಿ ಅವರ ಹೆಸರು ಏಳುವುದು, ಯಾರೋ ಒಬ್ಬರು "ಹಾಲುಬಾಯಿ" ಅನ್ನುವುದು, ಎಲ್ಲರೂ ನೆಲ ನೋಡುವುದು, ಬೇರೆ ಹೆಸರಿಗೆ ಹೋಗುವುದು. ಊರಿನಲ್ಲಿ ಹೇಳಿಕೊಳ್ಳುವಂಥ ತಿಂಡಿ ಉಳಿದಿದ್ದೇ ಅದೊಂದು. ಊರು ಬಿಟ್ಟು ಹೋದವರು ವರ್ಷಕ್ಕೊಮ್ಮೆ ಬಂದಾಗ ಅಕ್ಕಿರೊಟ್ಟಿಗೆ, ಒಬ್ಬಟ್ಟಿಗೆ ಹಂಬಲಿಸಿ ಕೊನೆಗೆ ನನ್ನ ಅಂಗಡಿಯ ಮುಂದೆ ನಿಂತು, ಬಿಸಿ ತುಂಡನ್ನು ಕೈಯಿಂದ ಕೈಗೆ ಹಾಕಿಕೊಳ್ಳುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇದು ನನಗೆ ಗೊತ್ತಿತ್ತು. ಹನ್ನೊಂದು ವರ್ಷವೂ ಗೊತ್ತಿತ್ತು. ಯಾರ ಕೈಯಿಂದ ತಿಂಡಿ ಹೋಗುತ್ತದೋ ಅವನೇ ಒಪ್ಪಿಗೆ ಕೊಟ್ಟರೆ ಸಮಿತಿ ಎರಡು ಮಾತಾಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಬಲಗಡೆ ಕೂತು ಹೂಂ ಅನ್ನುತ್ತಲೇ ಇದ್ದೆ, ಸಮಿತಿಗೆ ಹೋಗಿ ಹೂಂ ಅನ್ನಲಿಲ್ಲ. ನಾನು ಬೇರೇನು ಮಾಡಬಲ್ಲೆ, ಈ ವಯಸ್ಸಿನಲ್ಲಿ ಕೈ ಏನನ್ನು ಹೊಸದಾಗಿ ಕಲಿತೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದೇವರ ಮುಂದೆ ದೀಪ ಹಚ್ಚುವಾಗ ಮಾತ್ರ ಆ ಮಾತು ಹೇಳಲಿಕ್ಕೆ ಬಾಯಿ ಬರುತ್ತಿರಲಿಲ್ಲ.

ಹೋದ ವರ್ಷ ಯುಗಾದಿಯ ಓದಿನಲ್ಲಿ ಚೂಡಮ್ಮನವರ ಸ್ವರ ಇಪ್ಪತ್ತೆಂಟನೆಯ ಪದ್ಯಕ್ಕೆ ಒಡೆಯಿತು. ನೀರು ಕುಡಿದರು, ಕೆಮ್ಮಿದರು, ಮುಂದುವರಿಸಿದರು. ಮೂವತ್ತೊಂದಕ್ಕೆ ಬಂದಾಗ ಸ್ವರ ತಗ್ಗಿಸಬೇಕಾದಲ್ಲಿ ತಗ್ಗಿಸಲು ಸ್ವರವೇ ಇರಲಿಲ್ಲ, ಬರಿಯ ಉಸಿರು. ಮಂಟಪದಲ್ಲಿ ಯಾರೂ ಅಲುಗಾಡಲಿಲ್ಲ. ನಾನು ಹೂಂ ಅಂದೆ. ಅನ್ನುವಾಗ ಕಳ್ಳನ ದನಿಯ ಹಾಗೆ ನನಗೇ ಕೇಳಿಸಿತು.

ಮರುದಿನ ಬೆಳಿಗ್ಗೆ ಸಮಿತಿಯ ಅಧ್ಯಕ್ಷ ರಾಚಪ್ಪನ ಮನೆಗೆ ಹೋದೆ. ರಾಚಪ್ಪ ಬಟ್ಟೆ ಅಂಗಡಿಯವನು, ಸನ್ಮಾನದ ಶಾಲುಗಳನ್ನು ತಾನೇ ಆರಿಸುತ್ತಾನೆ. ಒಳ್ಳೆಯವನು, ಮಾತು ಜಾಸ್ತಿ.

"ಚೂಡಮ್ಮನವರಿಗೆ ಹೊದಿಸ್ರಿ" ಅಂದೆ.

ಅವನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ. "ಏನು ಓಬಳಯ್ಯ, ಹುಷಾರಿದೀಯಾ?"

"ಹುಷಾರಾಗೇ ಹೇಳ್ತಿದೀನಿ."

"ಮನೇಲಿ ಕೇಳಿದೀಯಾ?"

"ಅವಳಿಗೂ ಸಾಕಾಗಿದೆ. ತಿಕ್ಕಿ ತಿಕ್ಕಿ ಮಣಿಕಟ್ಟು ಊದಿದೆ."

"ಆಮೇಲೆ ಏನ್ ಮಾಡ್ತೀಯ?"

"ಕೇಳ್ತೀನಿ" ಅಂದೆ. "ಕೇಳೋಕೆ ಹಾಲುಬಾಯಿ ಬೇಕಾಗಿಲ್ವಲ್ಲ."

ರಾಚಪ್ಪ ಒಳಮನೆಯ ಕಡೆ ತಿರುಗಿ ನೋಡಿದ. "ನಮ್ಮಮ್ಮನಿಗೆ ಎಂಬತ್ತಾರು. ಹಲ್ಲಿಲ್ಲ. ಅದೊಂದೇ ಅವಳು ತಿನ್ನೋದು" ಅಂದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು ಬಿಡು. ಎಷ್ಟು ವರ್ಷ ಅಂತ ಆ ಯಮ್ಮನ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡೋದು" ಅಂದ.

ಸನ್ಮಾನಕ್ಕೆ ಮೊದಲು ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ. ಹೆಸರು, ವಯಸ್ಸು, ಕಲೆ, ಗುರು, ಕೊನೆಯಲ್ಲಿ ಇಷ್ಟವಾದ ತಿನಿಸು. ಸನ್ಮಾನದ ಹಿಂದಿನ ದಿನ ಊರೆಲ್ಲ ಆ ತಿನಿಸನ್ನು ಕಡೆಯ ಸಲ ತಿನ್ನುವ ಪದ್ಧತಿ, ಅದಕ್ಕಾಗಿ ಈ ಕೊನೆಯ ಸಾಲು. ರಾಚಪ್ಪ ನನ್ನನ್ನೂ ಕರೆದುಕೊಂಡು ಹೋದ. ಚೂಡಮ್ಮನವರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸನ್ಮಾನ ಎಂದಾಗ "ಈಗ್ಯಾಕಪ್ಪ" ಅಂದರು, ಅಷ್ಟೇ. ಹೆಸರು ಹೇಳಿದರು, ವಯಸ್ಸು ಎಪ್ಪತ್ತೆಂಟು ಅಂದರು, ಗುರುವಿನ ಹೆಸರು ಹೇಳುವಾಗ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಇಷ್ಟವಾದ ತಿನಿಸು, ಅಮ್ಮಾವ್ರೇ?"

"ಮಿಕ್ಕಿದ್ದು."

ರಾಚಪ್ಪನ ಪೆನ್ನು ನಿಂತಿತು. ಮುಖ ಅರಳಿತು. "ಉಂಡು ಮಿಕ್ಕುದನೀಯಿರೆನ್ನುತ" ಎಂದು ತನಗೆ ಬಂದ ಹಾಗೆ ಎಳೆದ. "ಏನು ಮಾತು ಆಡಿದ್ರಿ ತಾಯಿ. ಇಷ್ಟು ವರ್ಷ ಓದಿದ್ದಕ್ಕೆ ಕಾವ್ಯನೇ ನಾಲಿಗೆ ಮೇಲೆ ಕೂತಿದೆ."

"ಕಾವ್ಯ ಅಲ್ವೋ, ತಿನ್ನೋದಕ್ಕೆ ಕೇಳಿದ್ಯಲ್ಲ ನೀನು."

"ಗೊತ್ತು ತಾಯಿ, ಗೊತ್ತು. ನೀವು ಬಾಯಿಬಿಟ್ಟು ಹೇಳಲ್ಲ, ಊರಿಗೆ ಬೇಜಾರಾಗುತ್ತೆ ಅಂತ. ನಮಗೆ ಗೊತ್ತಿರೋದೇ ಬರ್ಕೋತೀವಿ." ಬರೆದುಕೊಂಡ. ಹಾಲುಬಾಯಿ.

ಅವರು ನನ್ನ ಕಡೆ ತಿರುಗಿದರು. "ನೀನಾದರೂ ಹೇಳೋ ಓಬಳ."

ರಾಣಿ ಬಾಗಿಲಲ್ಲಿ ನಿಂತ ಹಾಗೇ ಕಂಡಿತ್ತು ನನಗೆ. ಪದ್ಯ ಹೇಳಿದಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ.

"ಹೂಂ" ಅಂದೆ.

ಅವರು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

ಸನ್ಮಾನದ ಹಿಂದಿನ ದಿನ ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದೆ. ಆರು ಬಾಣಲೆ. ಇನ್ನೂರ ನಲವತ್ತು ಪದ್ಯ. ಮೂರನೆಯ ಬಾಣಲೆಯ ಹೊತ್ತಿಗೆ ಭುಜ ನನ್ನದಲ್ಲ ಅನ್ನಿಸಿತು, ಬಾಯಿ ಮಾತ್ರ ಹೇಳಿಕೊಳ್ಳುತ್ತಿತ್ತು. ಅಂಗಡಿಯ ಮುಂದಿನ ಸಾಲು ಪುರಭವನದವರೆಗೂ ಹೋಗಿತ್ತು. ಊರು ಬಿಟ್ಟವರೂ ಬಂದಿದ್ದರು. ನಗುವವರು ನಗುತ್ತಿದ್ದರು. "ಓಬಳಯ್ಯ, ನಾಳೆಯಿಂದ ನಿನ್ನ ಸಟ್ಟುಗ ಏನ್ ಮಾಡ್ತೀಯ, ಪಟ ಕಟ್ಟಿಸಿ ಪುರಭವನದಲ್ಲಿ ತಗಲಿಹಾಕು." "ಸಟ್ಟುಗಕ್ಕೂ ಒಂದು ಶಾಲು ಹೊದಿಸಣ ಬಿಡ್ರೋ." ಪಾಪಣ್ಣ ಮೇಷ್ಟ್ರ ಹೆಂಡತಿ ಎರಡು ತುಂಡು ತೆಗೆದುಕೊಂಡು, "ನಮ್ಮ ಯಜಮಾನರಿಗಿಂತ ಆ ಯಮ್ಮನೇ ವಾಸಿ, ಸುಳ್ಳು ಹೇಳಲಿಲ್ಲ" ಅಂದರು. ರಾಚಪ್ಪ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಹೊತ್ತು ತರಿಸಿದ್ದ. ಆಕೆ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ನುಂಗದೆ ಬಹಳ ಹೊತ್ತು ಕೂತಿದ್ದರು. ಮಗ ಏನೋ ಕೇಳಿದರೆ ಕೈ ಮಾಡಿ ತಡೆದರು.

ಚೂಡಮ್ಮನವರು ಮಾತ್ರ ಬರಲಿಲ್ಲ. ಕಡೆಯೂಟದ ದಿನ ಸನ್ಮಾನಿತರು ಉಪವಾಸ ಇರಬೇಕು, ಪದ್ಧತಿ ಹಾಗೆ. ಆರು ಬಾಣಲೆಯ ತಳವನ್ನೂ ಕೆಂಚಮ್ಮ ಕೆರೆದು ಹಸುವಿನ ಮುಸುರೆ ಬಾನಿಗೆ ಹಾಕಿದಳು. ಅವತ್ತು ಅದನ್ನು ಕೇಳುವವರು ಇರಲಿಲ್ಲ.

ಶಾಲು ಚೆನ್ನಾಗಿತ್ತು, ಕೆಂಪಂಚಿನದು. ರಾಚಪ್ಪ ಅಷ್ಟು ಹೊತ್ತು ಮಾತಾಡಿದರೂ ಯಾರೂ ಗೊಣಗಲಿಲ್ಲ. ಮಂಟಪ ತುಂಬಿ, ಬೀದಿ ತುಂಬಿ, ಎದುರಿನ ಮಾಳಿಗೆಗಳ ಮೇಲೆಲ್ಲ ಜನ. ಒಂದು ಪದ್ಯ ಓದಿ ಎಂದರು. ಚೂಡಮ್ಮನವರು ಒಂದೇ ಒಂದು ಓದಿದರು, ಯಾವುದು ಅಂತ ಹೇಳಬೇಕಾಗಿಲ್ಲ. ಸ್ವರ ಇರಲಿಲ್ಲ, ಆದರೂ ಇತ್ತು. ಹೇಗೆ ಹೇಳಲಿ, ಹರಿದ ಸೀರೆ ಉಟ್ಟರೂ ರಾಣಿ ರಾಣಿಯೇ ಆಗಿದ್ದ ಹಾಗೆ. ನಾನು ಹೂಂ ಅನ್ನುವುದಕ್ಕೆ ಬಾಯಿ ತೆರೆದೆ, ಅಷ್ಟರಲ್ಲಿ ಬೀದಿಯಷ್ಟೂ ಸೇರಿ ಒಂದು ಹೂಂ ಎದ್ದಿತು. ನನ್ನಪ್ಪ ಇರಬೇಕಾಗಿತ್ತು ಅನ್ನಿಸಿತು.

ಮರುದಿನ ಬೆಳಿಗ್ಗೆ ಮಾಡಲು ಕೆಲಸವಿಲ್ಲದೆ ಒಲೆಯ ಮುಂದೆ ಕೂತೆ. ನೆನೆಸಿದ ಅಕ್ಕಿ ಒಂದು ಪಾವು ಉಳಿದಿತ್ತು. ಕೆಂಚಮ್ಮ ಅಂದಳು, "ಒಂದ್ಸಲ ನೋಡಿಬಿಡ್ರಿ. ಹೋಗಿದ್ದು ಹೇಗೆ ಹೋಗಿದೆ ಅಂತ ನೋಡದೆ ನಿಮಗೆ ಸಮಾಧಾನ ಆಗಲ್ಲ." ರುಬ್ಬಿದೆ. ತಿರುವಿದೆ. ನಲವತ್ತಕ್ಕೆ ಅಂಚು ಬಿಟ್ಟುಕೊಂಡು ಬಂತು. ತಟ್ಟೆಗೆ ಹರವಿದೆ, ಹೊಳೆಯಿತು. ಕತ್ತರಿಸಿ ಒಂದು ಚೂರು ಬಾಯಿಗಿಟ್ಟುಕೊಂಡೆ. ಹಾಲುಬಾಯಿಯೇ.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ. ಮನೆಮನೆಯಲ್ಲಿ ಹೆಂಗಸರು ಇದ್ದಬದ್ದ ತಿಂಡಿಯನ್ನೆಲ್ಲ ಮಾಡಿ ನೋಡಿದರು. ಉಪ್ಪಿಟ್ಟು ಆಯಿತು, ಇಡ್ಲಿ ಆಯಿತು, ರಾಗಿ ಮುದ್ದೆ ಆಯಿತು, ಹಾಗಲಕಾಯಿ ಎಂದಿನಂತೆ ಆಯಿತು. ಏನೂ ಹೋಗಿರಲಿಲ್ಲ. ಹಿಂದೆ ಒಮ್ಮೆಯೂ ಹೀಗಾದದ್ದಿಲ್ಲ. ರಾಚಪ್ಪ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಪುಣ್ಯಾತ್ಗಿತ್ತಿ ಕಣೋ. ಯಾವುದರ ಮೇಲೂ ಆಸೆ ಇಟ್ಟವರಲ್ಲ. ಸನ್ಯಾಸಿನಿ."

ಅಂಗಡಿಯ ಮುಂದೆ ನಿಂತವರು ಅಷ್ಟು ಒಳ್ಳೆಯ ಮಾತಾಡಲಿಲ್ಲ. "ಮೂವತ್ತೆರಡು ವರ್ಷ ನಿನ್ನ ಕಟ್ಟೆ ಮೇಲೆ ಕೂತು ತಿಂದ್ರಲ್ಲ ಓಬಳಯ್ಯ, ದಾಕ್ಷಿಣ್ಯಕ್ಕಾ?" ಅಂದ ಒಬ್ಬ. "ಬಿಡಪ್ಪ, ಹೂಂ ಅನ್ನೋನಿಗೆ ಬೇಜಾರಾಗಬಾರದು ಅಂತ ತಿಂದಿರ್ತಾರೆ" ಅಂದ ಇನ್ನೊಬ್ಬ. ನಾನೂ ನಕ್ಕೆ. ತುಂಡು ಕತ್ತರಿಸಿ ಕೊಟ್ಟೆ. ಉಳಿಯಿತಲ್ಲ ಎಂದು ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಮಧ್ಯಾಹ್ನ ಚಾಪೆಯ ಮೇಲೆ ಮಲಗಿದಾಗ ಏನೋ ಒಂದು ಎದೆಯಲ್ಲಿ ಕೂತು ಏಳುತ್ತಿರಲಿಲ್ಲ. ಕೊಡುವುದಕ್ಕೆ ಅಂತ ಕೈ ಚಾಚಿದ್ದೆ, ಬೇಡವಾಗಿತ್ತು ಅವರಿಗೆ. ಹನ್ನೊಂದು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಹೋಗುವಷ್ಟೂ ದೊಡ್ಡದಾಗಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಅವರು ಬಂದರು. ಅವತ್ತು ಓದು ಇರಲಿಲ್ಲ. ಶಾಲನ್ನು ಮನೆಯಲ್ಲೇ ಬಿಟ್ಟು, ಹಳೆಯ ನೂಲಿನ ಸೀರೆಯಲ್ಲಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಕಟ್ಟೆಯ ಮೇಲೆ ಕೂತರು. ತಟ್ಟೆಯಲ್ಲಿ ಏಳೆಂಟು ತುಂಡು ಇತ್ತು.

"ಮಿಕ್ಕಿದ್ದು ಇದೆಯೇನೋ" ಅಂದರು.

"ಇದೆ ಅಮ್ಮಾವ್ರೇ, ಇವತ್ತು ಒಳ್ಳೇದೇ ಮಿಕ್ಕಿದೆ" ಎಂದು ತಟ್ಟೆಗೆ ಕೈ ಹಾಕಿದೆ.

"ಅದಲ್ವೋ. ತಳದ್ದು."

ಬಾಣಲೆ ಹಿತ್ತಿಲ ಕಟ್ಟೆಯ ಮೇಲಿತ್ತು. ಕೆರೆಯಲು ಸಟ್ಟುಗ ತೆಗೆದುಕೊಂಡು ಹೋದೆ. ಕೆಂಚಮ್ಮ ಅದನ್ನು ಆಗಲೇ ಬೋರಲು ಹಾಕಿದ್ದಳು.

"ತಿಕ್ಕಿಬಿಟ್ಯಾ?"

"ಎಲ್ಲಿ ತಿಕ್ಕೋದು" ಅಂದಳು. ಮುಖದಲ್ಲಿ ಇಷ್ಟು ವರ್ಷದಲ್ಲಿ ಕಾಣದ ಗೆಲುವು. "ನಾಲ್ಕು ದಿನದಿಂದ ನೀರು ಹಾಕಿದರೆ ಸಾಕು, ಕನ್ನಡಿ. ನಿಮಗೆ ಹೇಳಬೇಕು ಅಂತಿದ್ದೆ. ನನಗೊಬ್ಬಳಿಗೇ ಅಲ್ಲ, ಓಣಿಯವರೆಲ್ಲ ಹೇಳ್ತಿದಾರೆ. ಅನ್ನದ ತಪ್ಪಲೆ ಹತ್ತಲ್ಲ, ಹಾಲಿನ ಪಾತ್ರೆ ಹಿಡಿಯಲ್ಲ. ಯಾವ ಪುಣ್ಯಾತ್ಮರು ಏನು ಮಾಡಿದ್ರೋ, ಅವರ ಹೊಟ್ಟೆ ತಣ್ಣಗಿರಲಿ."

ಬಾಣಲೆ ಎತ್ತಿ ನೋಡಿದೆ. ಒಳಗೆ ನನ್ನ ಮುಖ ಕಂಡಿತು. ಆ ಬೆಳಿಗ್ಗೆಯೂ ಮೂವತ್ತೊಂದಕ್ಕೆ ನನ್ನ ಕೈ ನಿಂತಿತ್ತು. ನಾಲ್ಕು ದಿನವೂ ನಿಂತಿತ್ತು. ತಿಕ್ಕುವವನು ನಾನಲ್ಲವಲ್ಲ, ತಳ ನೋಡಿರಲಿಲ್ಲ.

ಬರಿಗೈಯಲ್ಲಿ ಹೊರಗೆ ಬಂದೆ. ಚೂಡಮ್ಮನವರು ನನ್ನ ಕೈ ನೋಡಿದರು, ಮುಖ ನೋಡಲಿಲ್ಲ.

"ಹೋಯ್ತಾ" ಅಂದರು.

ಬರಿಗೈಯನ್ನು ಪಂಚೆಗೆ ಒರೆಸಿಕೊಂಡೆ.

"ನಮ್ಮ ತಂಗಿ ಮನೇಲೂ ಅನ್ನ ಹತ್ತಲಿಲ್ಲ. ಅಲ್ಲಿ ಇಲ್ಲದಿದ್ದರೂ ಇಲ್ಲಿ ಇರಬಹುದು ಅನ್ಕೊಂಡೆ. ಇಲ್ಲಿಯದು ಬೇರೆ ಇತ್ತಲ್ಲ." ಮಂಟಪದ ಕಡೆ ನೋಡಿದರು. "ಆ ಪದ್ಯ ಓದುವಾಗ ಗಂಟಲಲ್ಲಿ ಏನು ಆಗುತ್ತೋ, ಅದೇ ನಾಲಿಗೆ ಮೇಲೆ ಆಗ್ತಿತ್ತು. ಎಲ್ಲಿಂದ ತರ್ತಾನೆ ಇವನು ಅಂತ ಅನ್ಕೋತಿದ್ದೆ."

ನಾನು ಅಂಗಡಿಯ ಚಿಲಕ ಹಿಡಿದುಕೊಂಡು ನಿಂತೆ. ಮೂವತ್ತೆರಡು ವರ್ಷ ಓದಿದ ಸಂಜೆಯೆಲ್ಲ ನಾಚಿಕೆಪಟ್ಟುಕೊಂಡು, ಏನೂ ಇಲ್ಲ ಅಮ್ಮಾವ್ರೇ ಎಂದು ಕ್ಷಮೆ ಕೇಳಿಕೊಂಡು ಕೊಟ್ಟಿದ್ದು. ಒಂದು ಸಲವಾದರೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಡಲಿಲ್ಲ. ಕೊನೆಯ ಆರು ಬಾಣಲೆಯದು ಹಸುವಿನ ಬಾನಿಗೆ ಹೋಯಿತು.

"ಹೇಳಿದ್ನಲ್ಲೋ ನಾನು ರಾಚಪ್ಪನಿಗೆ" ಅಂದರು. ದೂರು ಇರಲಿಲ್ಲ ದನಿಯಲ್ಲಿ. "ಹಾಡು ಅನ್ಕೊಂಡ."

"ನಾನೂ" ಅಂದೆ.

"ನೀನೂ." ತಲೆಯಾಡಿಸಿದರು. "ನೀವು ಕೇಳೋರು ಹೀಗೇ. ಕೊಡು, ಅದನ್ನೇ ಕೊಡು. ಊರೆಲ್ಲ ತಿನ್ನೋದನ್ನ ನಾನೂ ಒಂದಿನ ತಿಂತೀನಿ."

ತಟ್ಟೆಯ ನಡುವಿನ ತುಂಡು, ಎಲ್ಲಕ್ಕಿಂತ ಮೆತ್ತಗಿನದು, ಎಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಕೊಟ್ಟೆ. ಅವರು ಚಿಕ್ಕ ಚಿಕ್ಕದಾಗಿ ಮುರಿದು, ಕೆಳಗೆ ಚೆಲ್ಲದಂತೆ, ಮೊದಲ ಸಲ ಒಬ್ಬರ ಮನೆಗೆ ಹೋದವರು ತಿನ್ನುವ ಹಾಗೆ ತಿಂದು ಮುಗಿಸಿದರು. ಎದುರಿನ ಮಂಟಪದಲ್ಲಿ ಪಾರಿವಾಳಗಳು ಗೊಣಗುತ್ತಿದ್ದವು. ಹಿತ್ತಿಲಿನಲ್ಲಿ ಕೆಂಚಮ್ಮ ಬಾಣಲೆಯನ್ನು ಗೂಟಕ್ಕೆ ತಗಲಿಹಾಕಿ ಏನೋ ಗುನುಗುತ್ತಿದ್ದಳು, ಶ್ರುತಿ ಸರಿಯಾಗಿತ್ತು.

ಎಲೆ ಮಡಿಸಿ ಪಕ್ಕಕ್ಕಿಟ್ಟು ಚೂಡಮ್ಮನವರು ಬಾಯಿ ಒರೆಸಿಕೊಂಡರು.

"ಚೆನ್ನಾಗಿದೆ ಕಣೋ" ಅಂದರು.

ನನ್ನ ಹೂಂ ತಡವಾಗಿ ಬಿತ್ತು.